ಸ್ಥಾನಕ್ಕೂ ಸಂವೇಗಕ್ಕೂ ಸರಿಯಾದ ಲೆಕ್ಕ: ರಾಯ್–ಸಿಂಗ್ ಅವರ ಕಾರ್ಯಕಾರಣ ಕ್ವಾಂಟಮ್ ಸಿದ್ಧಾಂತವನ್ನು ಗ್ರಾಫ್ ಹಾಳೆಯ ಮೇಲೆ ಓದುವ ಕ್ರಮ

ಭೌತವಿಜ್ಞಾನಿ ಡೇವಿಡ್ ಬೋಮ್ ಅವರ ಹೆಸರು ಮುಂಬಯಿಯ ಕನ್ನಡಿಗರ ಕೂಟಗಳಲ್ಲಿ ಬಂದರೆ ಮಾತು ಐದು ನಿಮಿಷದಲ್ಲಿ ಜಿಡ್ಡು ಕೃಷ್ಣಮೂರ್ತಿಯವರನ್ನೂ ಹತ್ತು ನಿಮಿಷದಲ್ಲಿ ಅದ್ವೈತವನ್ನೂ ಮುಟ್ಟುತ್ತದೆ; 1952ರಲ್ಲಿ ಅವರು ಪ್ರಕಟಿಸಿದ ಎರಡು ಪ್ರಬಂಧಗಳ ಸಮೀಕರಣಗಳ ತನಕ ಮಾತ್ರ ಹೋಗುವುದೇ ಇಲ್ಲ. ಆ ಸಮೀಕರಣಗಳಿಂದ ಹೊರಟ ಒಂದು ದಾರಿ ನಮ್ಮದೇ ಊರಿನ ದಕ್ಷಿಣ ತುದಿಗೆ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಮುಟ್ಟಿದೆ ಎಂಬುದು ಇಲ್ಲಿ ಹತ್ತಾರು ವರ್ಷ ಭೌತಶಾಸ್ತ್ರ ಕಲಿಸಿದವರಲ್ಲಿಯೂ ಅನೇಕರಿಗೆ ತಿಳಿದಿಲ್ಲ. ಪಯಾನ್ ಕಣಗಳ ಚದುರಿಕೆಯ ಬಗ್ಗೆ 1971ರಲ್ಲಿ ಬರೆದ, ಇಂದಿಗೂ ‘ರಾಯ್ ಸಮೀಕರಣಗಳು’ ಎಂದೇ ಕರೆಯಲಾಗುವ ಸಮೀಕರಣಗಳಿಂದ ಹೆಸರಾದ ಎಸ್. ಎಂ. ರಾಯ್ ಅವರು, ಬಹಳ ವರ್ಷಗಳ ಬಳಿಕ ಅದೇ ಸಂಸ್ಥೆಯ ವೀರೇಂದ್ರ ಸಿಂಗ್ ಅವರ ಜೊತೆಗೂಡಿ, ಸ್ಥಾನ ಮತ್ತು ಸಂವೇಗಗಳನ್ನು (ಮೊಮೆಂಟಮ್) ಸಮಾನವಾಗಿ ಕಾಣುವ ಕಾರ್ಯಕಾರಣ ಕ್ವಾಂಟಮ್ ಸಿದ್ಧಾಂತವೊಂದನ್ನು, ಅಂದರೆ ಪ್ರತಿ ಕಣವೂ ನಿಶ್ಚಿತ ನಿಯಮದಂತೆ ಚಲಿಸುವ ಸಿದ್ಧಾಂತವೊಂದನ್ನು, 1995ರಲ್ಲಿ ಮಂಡಿಸಿದರು. ಆ ಕೆಲಸವನ್ನು ಪೆನ್ಸಿಲ್ ಹಿಡಿದು ಓದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಡೊಂಬಿವಲಿಯ ನನ್ನ ಮನೆಯಲ್ಲಿ ಕೆಲವು ಭಾನುವಾರ ಇಬ್ಬರು ಬಿ.ಎಸ್‌ಸಿ. ವಿದ್ಯಾರ್ಥಿಗಳ ಜೊತೆ ಕುಳಿತು ಮಾಡಿದ ಲೆಕ್ಕಗಳೇ ಇದಕ್ಕೆ ಆಧಾರ. ನಿಮಗೆ ಬೇಕಾದದ್ದು ಎರಡನೆಯ ವರ್ಷದ ಕ್ವಾಂಟಮ್ ಪಾಠ, ಆರ್ಕ್‌ಟ್ಯಾನ್ ಮತ್ತು ಲಾಗ್ ಇರುವ ಕ್ಯಾಲ್ಕುಲೇಟರ್, ನಾಲ್ಕೈದು ಗ್ರಾಫ್ ಹಾಳೆ. ಎಕ್ಸೆಲ್ ಬಳಸಬಹುದು, ಆದರೆ ಮೊದಲ ಲೆಕ್ಕವನ್ನಾದರೂ ಕೈಯಿಂದಲೇ ಮಾಡಬೇಕು ಎಂಬುದು ನನ್ನ ಹಟ. ಕಾರಣ ಮುಂದೆ ಬರುತ್ತದೆ.

ಮೂಲ ಪ್ರಬಂಧವನ್ನು ತೆರೆಯುವ ಮೊದಲು ಅದು ಯಾವ ಕೊರತೆಯನ್ನು ತುಂಬಲು ಹೊರಟಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಲೂಯಿ ದ ಬ್ರಾಯ್ 1927ರ ಸಾಲ್ವೇ ಸಮ್ಮೇಳನದಲ್ಲಿ ಮಂಡಿಸಿ ಆಮೇಲೆ ಕೈಬಿಟ್ಟ, ಬೋಮ್ 1952ರಲ್ಲಿ ಸ್ವತಂತ್ರವಾಗಿ ಮತ್ತೆ ಕಟ್ಟಿದ ಸಿದ್ಧಾಂತದಲ್ಲಿ ಕಣಕ್ಕೆ ಎಲ್ಲ ಕಾಲಕ್ಕೂ ನಿಶ್ಚಿತವಾದ ಸ್ಥಾನವಿರುತ್ತದೆ, ಮತ್ತು ತರಂಗ ಫಲನದ (ವೇವ್ ಫಂಕ್ಷನ್) ಹಂತ (ಫೇಸ್) ಎಷ್ಟು ಕಡಿದಾಗಿ ಬದಲಾಗುತ್ತದೆಯೋ ಅದೇ ಅಲ್ಲಿ ಕಣದ ಸಂವೇಗವಾಗುತ್ತದೆ. ಕಣಗಳ ಸ್ಥಾನಗಳನ್ನು ಆರಂಭದಲ್ಲಿ ಕ್ವಾಂಟಮ್ ನಿಯಮದಂತೆ ಹಂಚಿಟ್ಟರೆ ಮುಂದೆಯೂ ಆ ಹಂಚಿಕೆ ತಪ್ಪುವುದಿಲ್ಲ. ಸ್ಥಾನದ ಲೆಕ್ಕ ಪೂರ್ತಿ ಸರಿ. ಸಂವೇಗದ ಲೆಕ್ಕ ಹಾಗಲ್ಲ. ತರಂಗ ಫಲನ ಕೇವಲ ನೈಜ ಸಂಖ್ಯೆಗಳಿಂದ ಕೂಡಿದ್ದಾಗ ಹಂತವೇ ಬದಲಾಗುವುದಿಲ್ಲವಾದ್ದರಿಂದ ಬೋಮ್ ಅವರ ಪ್ರಕಾರ ಎಲ್ಲ ಕಣಗಳ ಸಂವೇಗವೂ ಸೊನ್ನೆ, ಅಂದರೆ ಎಲ್ಲ ಕಣಗಳೂ ಇದ್ದಲ್ಲೇ ನಿಂತಿರುತ್ತವೆ. ಪಠ್ಯಪುಸ್ತಕದ ಕ್ವಾಂಟಮ್ ಸಿದ್ಧಾಂತವಾದರೋ ಅದೇ ಸ್ಥಿತಿಗೆ ಅಗಲವಾದ ಸಂವೇಗ ಹಂಚಿಕೆಯನ್ನು ಕೊಡುತ್ತದೆ. ಐನ್‌ಸ್ಟೈನ್ 1953ರಲ್ಲಿ, ಮ್ಯಾಕ್ಸ್ ಬಾರ್ನ್ ಅವರ ಗೌರವ ಸಂಪುಟಕ್ಕೆ ಬರೆದ ಲೇಖನದಲ್ಲಿ, ಪೆಟ್ಟಿಗೆಯೊಳಗಿನ ಕಣದ ಉದಾಹರಣೆಯಿಂದ ಎತ್ತಿದ್ದು ಇದೇ ಆಕ್ಷೇಪವನ್ನು.

ಸ್ಥಾನದ ಹಂಚಿಕೆಯೂ ಸಂವೇಗದ ಹಂಚಿಕೆಯೂ ಒಂದೇ ಕಾಲದಲ್ಲಿ ಕ್ವಾಂಟಮ್ ಸಿದ್ಧಾಂತದೊಂದಿಗೆ ತಾಳೆಯಾಗುವಂತೆ ಪ್ರತಿಯೊಂದು ಕಣಕ್ಕೂ ಎರಡನ್ನೂ ಕೊಡಬಹುದೇ ಎಂಬುದು ರಾಯ್ ಮತ್ತು ಸಿಂಗ್ ಅವರ ಪ್ರಶ್ನೆ. ಕೊಡಬಹುದು ಎಂಬ ಅವರ ಉತ್ತರದ ತಿರುಳನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ವಿವರಿಸುವುದು ಶಾಲೆಯ ಸಮವಸ್ತ್ರದ ಲೆಕ್ಕದಿಂದ. ನೂರು ಹುಡುಗರಿದ್ದಾರೆ, ದರ್ಜಿಯ ಅಂಗಡಿಯಿಂದ ಬಂದ ನೂರು ಅಂಗಿಗಳಿವೆ. ಹುಡುಗರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಅಂಗಿಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ, ಹದಿನೇಳನೆಯ ಹುಡುಗನಿಗೆ ಹದಿನೇಳನೆಯ ಅಂಗಿ ಎಂಬಂತೆ ಹಂಚಿದರೆ ಹುಡುಗರ ಎಣಿಕೆಯೂ ಅಂಗಿಗಳ ಎಣಿಕೆಯೂ ಎಳ್ಳಷ್ಟೂ ತಪ್ಪದೆ ಮುಗಿಯುತ್ತವೆ. ಒಂದು ಸಾಲನ್ನು ತಿರುಗಿಸಿ, ಅತಿ ಕುಳ್ಳನಿಗೆ ಅತಿ ದೊಡ್ಡ ಅಂಗಿ ಕೊಡುತ್ತ ಬಂದರೂ ಎಣಿಕೆ ಅಷ್ಟೇ ಸರಿಯಾಗಿರುತ್ತದೆ, ನೋಡುವವರಿಗೆ ನಗು ಬರಬಹುದು ಅಷ್ಟೆ. ಇಲ್ಲಿ ಹುಡುಗನ ಎತ್ತರ ಎಂದರೆ ಕಣದ ಸ್ಥಾನ, ಅಂಗಿಯ ಅಳತೆ ಎಂದರೆ ಅದರ ಸಂವೇಗ. ಎಡ ತುದಿಯಿಂದ ಎಣಿಸಿದಾಗ ಸ್ಥಾನದ ಸಾಲಿನಲ್ಲಿ ಕಣದ ಶೇಕಡಾವಾರು ಕ್ರಮಾಂಕ ಎಷ್ಟೋ, ಸಂವೇಗದ ಸಾಲಿನಲ್ಲೂ ಅದೇ ಕ್ರಮಾಂಕದ ಸಂವೇಗವನ್ನು ಅದಕ್ಕೆ ಕೊಡಬೇಕು. ಮೂಲ ಪ್ರಬಂಧದಲ್ಲಿ ಎರಡು ಅನುಕಲನಗಳನ್ನು ಸಮೀಕರಿಸುವ ಡೆಲ್ಟಾ ಫಲನವೊಂದು ಕಾಣುತ್ತದೆ; ಅದು ಹೇಳುವುದು ಇಷ್ಟನ್ನೇ. ಅಲ್ಲಿರುವ ಪ್ಲಸ್–ಮೈನಸ್ ಆಯ್ಕೆಯೂ ಸಾಲನ್ನು ನೇರ ಇಡಬೇಕೋ ತಿರುಗಿಸಬೇಕೋ ಎಂಬುದಷ್ಟೇ. ಹತ್ತನೆಯ ತರಗತಿಯಲ್ಲಿ ಸಂಚಿತ ಆವೃತ್ತಿಯ ಓಜೀವ್ ಎಳೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಈಗ ಲೆಕ್ಕಕ್ಕೆ ಬನ್ನಿ. ದ್ರವ್ಯರಾಶಿ ಮತ್ತು ಎಚ್-ಬಾರ್ ಎರಡೂ 1 ಎಂದು ಇಟ್ಟುಕೊಳ್ಳಿ. ಮಧ್ಯದಲ್ಲಿ ಮೊನಚಾಗಿ, ಎರಡೂ ಬದಿಗೆ ಘಾತೀಯವಾಗಿ ಇಳಿಯುವ ತರಂಗ ಫಲನವನ್ನು ಆರಿಸಿ. ಒಂದೇ ಬಿಂದುವಿನಲ್ಲಿ ಕೇಂದ್ರೀಕರಿಸಿದ ಆಕರ್ಷಣೆಗೆ ಸಿಕ್ಕ ಕಣದ ಸ್ಥಿತಿ ಇದು. ಇದರ ಸ್ಥಾನದ ಸಾಂದ್ರತೆ ಮಧ್ಯದಲ್ಲಿ 1 ಇದ್ದು, ದೂರದ ಎರಡರಷ್ಟನ್ನು ‘ಇ’ ಸಂಖ್ಯೆಯ ಋಣ ಘಾತವಾಗಿ ತೆಗೆದುಕೊಂಡು ಇಳಿಯುತ್ತದೆ. ಆದ್ದರಿಂದ ಬಲಬದಿಯಲ್ಲಿ ಯಾವುದೇ ಸ್ಥಾನದ ತನಕದ ಸಂಚಿತ ಮೊತ್ತ ಬೇಕಾದರೆ ಆ ಘಾತೀಯ ಸಂಖ್ಯೆಯ ಅರ್ಧವನ್ನು 1ರಿಂದ ಕಳೆದರಾಯಿತು. ಸಂವೇಗದ ಕಡೆ, ಪಿ ಎಂಬ ಸಂವೇಗದ ತನಕದ ಸಂಚಿತ ಮೊತ್ತವನ್ನು ಪಡೆಯಲು ಪಿ-ಯ ಆರ್ಕ್‌ಟ್ಯಾನ್ ತೆಗೆದು, ಪಿ-ಯನ್ನು ‘ಪಿ ವರ್ಗಕ್ಕೆ 1 ಕೂಡಿಸಿದ’ ಸಂಖ್ಯೆಯಿಂದ ಭಾಗಿಸಿ ಅದಕ್ಕೆ ಸೇರಿಸಿ, ಮೊತ್ತವನ್ನು ಪೈನಿಂದ ಭಾಗಿಸಿ, ಕೊನೆಗೆ 0.5 ಕೂಡಿಸಿ.

ಪಿ 1 ಎಂದು ಹಾಕಿ ನೋಡೋಣ. ಆರ್ಕ್‌ಟ್ಯಾನ್ 0.785, ಎರಡನೆಯ ಪದ 0.5, ಮೊತ್ತ 1.285, ಪೈನಿಂದ ಭಾಗಿಸಿದರೆ 0.409, 0.5 ಕೂಡಿಸಿದರೆ 0.909. ಸ್ಥಾನದ ಸಾಲಿನಲ್ಲಿಯೂ 0.909 ಎಲ್ಲಿ ಬರುತ್ತದೆ ಎಂದು ಹುಡುಕಿದರೆ 0.85ರಲ್ಲಿ ಸಿಗುತ್ತದೆ. ಅಂದರೆ ಮಧ್ಯದಿಂದ 0.85 ದೂರದಲ್ಲಿರುವ ಕಣದ ಸಂವೇಗ 1. ಇದೇ ರೀತಿ ಸಂವೇಗ 0.5ಕ್ಕೆ ಸ್ಥಾನ 0.40, ಸಂವೇಗ 2ಕ್ಕೆ 1.60, ಸಂವೇಗ 3ಕ್ಕೆ 2.14 ಬರಬೇಕು. ಎಡಬದಿಯಲ್ಲಿ ಚಿಹ್ನೆ ಮಾತ್ರ ಬದಲಾಗುತ್ತದೆ. ಈ ಬಿಂದುಗಳನ್ನು ಗುರುತಿಸಿ ಸೇರಿಸಿದರೆ ಮಧ್ಯದ ಬಳಿ ಹೆಚ್ಚುಕಡಿಮೆ ನೇರವಾಗಿರುವ ಗೆರೆ ದೂರ ಹೋದಂತೆ ಮೇಲಕ್ಕೆ ಬಾಗುವುದು ಕಾಣುತ್ತದೆ, ಏಕೆಂದರೆ ಸಂವೇಗದ ಹಂಚಿಕೆಯ ಬಾಲ ಸ್ಥಾನದ ಬಾಲಕ್ಕಿಂತ ಬಹಳ ಉದ್ದ. ಬೋಮ್ ಅವರ ಗೆರೆಯನ್ನು ಅದೇ ಹಾಳೆಯಲ್ಲಿ ಎಳೆಯಬೇಕಾದರೆ ಅಡ್ಡ ಅಕ್ಷದ ಮೇಲೆಯೇ ಪೆನ್ಸಿಲ್ ಓಡಿಸಿ: ಅಲ್ಲಿ ಎಲ್ಲ ಕಣಗಳ ಸಂವೇಗವೂ ಸೊನ್ನೆ.

ಎರಡು ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬ ವಿದ್ಯಾರ್ಥಿಗೆ ಇದೇ ಲೆಕ್ಕದಲ್ಲಿ 0.909ರ ಬದಲು 14.98 ಬಂತು. ಅವನು ಗಾಬರಿಯಾಗಿ ಹಾಳೆ ಹರಿಯಲು ಹೊರಟಿದ್ದ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು, ಆರ್ಕ್‌ಟ್ಯಾನ್ 45 ಎಂದು ತೋರಿಸಿತ್ತು. ಸಂಭವನೀಯತೆ 1ನ್ನು ಮೀರಿದ ಕೂಡಲೇ ರೇಡಿಯನ್ ನೆನಪಿಗೆ ಬರಬೇಕು. ಇನ್ನೊಂದು ತಪ್ಪು ನನ್ನದೇ, ಮತ್ತು ಅದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಎಕ್ಸೆಲ್‌ನಲ್ಲಿ ಸಂವೇಗದ ಕಾಲಮನ್ನು ಮೈನಸ್ 3ರಿಂದ 3ರ ತನಕ ಮಾತ್ರ ತುಂಬಿ ಕೂಡಿಸಿದ್ದೆ. ಒಟ್ಟು ಮೊತ್ತ 0.986ಕ್ಕೆ ನಿಂತಿತ್ತು, ನಾನು ಗಮನಿಸಲಿಲ್ಲ. ನೂರು ಹುಡುಗರಿಗೆ ತೊಂಬತ್ತೆಂಟು ಅಂಗಿ ತಂದು ಹಂಚಿದಂತಾಗಿ ಎಲ್ಲ ಕ್ರಮಾಂಕಗಳೂ ಸ್ವಲ್ಪ ಸ್ವಲ್ಪ ಜಾರಿದವು, ಮಧ್ಯಬಿಂದುವಿನಲ್ಲಿ ಸಂವೇಗ ಸೊನ್ನೆ ಬರಬೇಕಾದಲ್ಲಿ ಬೇರೇನೋ ಬಂತು, ಒಂದು ಸಂಜೆಯೆಲ್ಲ ಸಿದ್ಧಾಂತದಲ್ಲೇ ಏನೋ ದೋಷವಿದೆ ಎಂದುಕೊಂಡೆ. ಮೊದಲ ಲೆಕ್ಕ ಕೈಯಿಂದಲೇ ಆಗಲಿ ಎನ್ನುವುದು ಇದಕ್ಕಾಗಿ.

ಇಲ್ಲಿ ಚುರುಕಾದ ಓದುಗರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇಷ್ಟೆಲ್ಲ ಸಾಲು ಯಾಕೆ, ಅಂಗಿಗಳನ್ನು ಚೀಟಿ ಎತ್ತಿ ಹಂಚಿದರೂ ಎರಡೂ ಎಣಿಕೆ ಸರಿಯಾಗುವುದಿಲ್ಲವೇ? ಆಗುತ್ತದೆ. ಸ್ಥಾನದ ಸಾಂದ್ರತೆಯನ್ನು ಸಂವೇಗದ ಸಾಂದ್ರತೆಯಿಂದ ಸುಮ್ಮನೆ ಗುಣಿಸಿದರೆ ಸಿಗುವುದು ಅದೇ. ಆದರೆ ಕಾರ್ಯಕಾರಣ ಸಿದ್ಧಾಂತ ಎನ್ನಿಸಿಕೊಳ್ಳಬೇಕಾದರೆ ಕಣಗಳು ಹ್ಯಾಮಿಲ್ಟನ್ ಮಾದರಿಯ ನಿಯಮದಂತೆ ಚಲಿಸಬೇಕು, ಹಾಗೆ ಚಲಿಸುವಾಗ ಲಿಯೂವಿಲ್ ಷರತ್ತಿನಂತೆ ಪ್ರತಿ ಕಣದ ಸುತ್ತಲಿನ ಫೇಸ್ ಸ್ಪೇಸ್ ಸಾಂದ್ರತೆ (ಸ್ಥಾನ, ಸಂವೇಗ ಎರಡನ್ನೂ ಅಕ್ಷಗಳಾಗಿ ಹಿಡಿದ ಹಾಳೆಯ ಮೇಲಿನ ಸಾಂದ್ರತೆ) ಬದಲಾಗದೆ ಉಳಿಯಬೇಕು. ಮುಕ್ತವಾಗಿ ಹರಡುವ ಗಾಸಿಯನ್ ತರಂಗಪೊಟ್ಟಣವನ್ನು ತೆಗೆದುಕೊಳ್ಳಿ: ಸ್ಥಾನದ ಹಂಚಿಕೆ ಹಿಗ್ಗುತ್ತ ಹೋಗುತ್ತದೆ, ಸಂವೇಗದ ಹಂಚಿಕೆ ಇದ್ದಂತೆಯೇ ಇರುತ್ತದೆ, ಆದ್ದರಿಂದ ಎರಡರ ಗುಣಲಬ್ಧದ ಶಿಖರ ಕಾಲಕ್ರಮೇಣ ತಗ್ಗಲೇಬೇಕು. ಷರತ್ತು ಅಲ್ಲಿಗೆ ಮುರಿಯಿತು. ರಾಯ್ ಮತ್ತು ಸಿಂಗ್ ಅವರ ಹಂಚಿಕೆ ಎಲ್ಲಿಯೂ ಋಣಾತ್ಮಕವಾಗದೆ ಲಿಯೂವಿಲ್ ಷರತ್ತನ್ನೂ ಪಾಲಿಸುತ್ತದೆ. 1932ರಲ್ಲಿ ವಿಗ್ನರ್ ಕೊಟ್ಟ ಹಂಚಿಕೆಯೂ ಸ್ಥಾನ, ಸಂವೇಗ ಎರಡರ ಲೆಕ್ಕವನ್ನೂ ಸರಿಯಾಗಿ ಕೊಡುತ್ತದೆ, ಆದರೆ ಶುದ್ಧ ಸ್ಥಿತಿಗಳಲ್ಲಿ ಗಾಸಿಯನ್ ಒಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಅದು ಎಲ್ಲಾದರೊಂದು ಕಡೆ ಋಣಾತ್ಮಕವಾಗುತ್ತದೆ. ಋಣ ಸಂಖ್ಯೆಯ ಹುಡುಗರನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು?

ಎರಡನೆಯ ಹಾಳೆಯಲ್ಲಿ ಈ ಗಾಸಿಯನ್ ಪೊಟ್ಟಣವನ್ನೇ ಬಿಡಿಸಿ. ಆರಂಭದಲ್ಲಿ ಸ್ಥಾನದ ಮಾನಕ ವಿಚಲನೆ 1 ಇರಲಿ, ಆಗ ಸಂವೇಗದ್ದು 0.5 ಆಗುತ್ತದೆ. ಮಧ್ಯದಿಂದ 1 ದೂರದಲ್ಲಿ ಹೊರಡುವ ಕಣವೊಂದನ್ನು ಹಿಡಿಯಿರಿ. ಬೋಮ್ ಪಥದ ಸೂತ್ರ ಸರಳ: ಕಾಲದ ವರ್ಗವನ್ನು 4ರಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದರೆ ಆ ಕ್ಷಣದ ಸ್ಥಾನ ಸಿಗುತ್ತದೆ. ಕಾಲ 2ರಲ್ಲಿ ಕಣ 1.41ರಲ್ಲಿ, 4ರಲ್ಲಿ 2.24ರಲ್ಲಿ, 10ರಲ್ಲಿ 5.10ರಲ್ಲಿ ಇರುತ್ತದೆ. ವೇಗವನ್ನೂ ಬರೆದುಕೊಳ್ಳಿ: ಆರಂಭದಲ್ಲಿ ಸೊನ್ನೆ, ಆಮೇಲೆ ಕ್ರಮವಾಗಿ 0.35, 0.45, 0.49. ಅದು 0.5ರ ಕಡೆಗೆ ಏರುತ್ತಿದೆ. ಹೊರಗಿನಿಂದ ಯಾವ ಬಲವೂ ಇಲ್ಲದೆ ವೇಗ ಏರುವುದಕ್ಕೆ ಬೋಮ್ ಕೊಡುವ ಕಾರಣ ತರಂಗ ಫಲನದಿಂದಲೇ ಹುಟ್ಟುವ ಕ್ವಾಂಟಮ್ ವಿಭವ (ಪೊಟೆನ್ಶಿಯಲ್). ತುಂಬ ಹೊತ್ತು ಹಾರಲು ಬಿಟ್ಟು, ಕ್ರಮಿಸಿದ ದೂರವನ್ನು ಕಾಲದಿಂದ ಭಾಗಿಸಿ ಸಂವೇಗವನ್ನು ಅಳೆದರೆ ಬೋಮ್ ಸಿದ್ಧಾಂತವೂ ಪ್ರಯೋಗದ ಫಲಿತಾಂಶವನ್ನೇ ಕೊಡುತ್ತದೆ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ, ಐನ್‌ಸ್ಟೈನ್ ಅವರ ಆಕ್ಷೇಪಕ್ಕೆ ಬೋಮ್ ಅವರ ಸಮಾಧಾನವೂ ಈ ಜಾಡಿನದೇ: ಅಳತೆಯಲ್ಲಿ ಸಿಗುವ ಸಂವೇಗ ಅಳೆಯುವ ಮೊದಲೇ ಕಣದಲ್ಲಿ ಇದ್ದಿರಬೇಕಾಗಿಲ್ಲ.

ರಾಯ್–ಸಿಂಗ್ ಲೆಕ್ಕದಲ್ಲಿ ಇದೇ ಕಣದ ಕ್ರಮಾಂಕ ಸ್ಥಾನದ ಸಾಲಿನಲ್ಲಿ ಒಂದು ಮಾನಕ ವಿಚಲನೆಯಷ್ಟು ಮುಂದೆ; ಸಂವೇಗದ ಸಾಲಿನಲ್ಲೂ ಅಷ್ಟೇ ಮುಂದೆ ಹೋದರೆ ಸಿಗುವುದು 0.5. ಪೊಟ್ಟಣ ಹಿಗ್ಗಿದರೂ ಸಾಲಿನಲ್ಲಿ ಯಾರೂ ಯಾರನ್ನೂ ದಾಟುವುದಿಲ್ಲ, ಸಂವೇಗದ ಹಂಚಿಕೆಯೂ ಬದಲಾಗುವುದಿಲ್ಲ, ಆದ್ದರಿಂದ ಆ ಕಣದ ಸಂವೇಗ ಮೊದಲಿನಿಂದ ಕೊನೆಯ ತನಕ 0.5 ಆಗಿಯೇ ಉಳಿಯುತ್ತದೆ. ಮುಕ್ತ ಕಣದ ಸಂವೇಗ ಸ್ಥಿರ ಎಂಬ, ಹೈಸ್ಕೂಲಿನಿಂದ ಕೇಳುತ್ತ ಬಂದ ಮಾತು ಮರಳಿ ಸಿಕ್ಕಿತು. ಆದರೆ ಸಾಲನ್ನು ತಿರುಗಿಸುವ ಆಯ್ಕೆಯನ್ನು ಹಿಡಿದರೆ ಇದೇ ಕಣ ಮೈನಸ್ 0.5 ಸಂವೇಗ ಹೊತ್ತುಕೊಂಡು ಬಲಕ್ಕೆ ಓಡುತ್ತದೆ. ಗಣಿತ ಎರಡಕ್ಕೂ ಅವಕಾಶ ಕೊಡುತ್ತದೆ. ನಾನು ಈ ಉದಾಹರಣೆಯ ಬಲದ ಮೇಲೆ ನೇರ ಸಾಲನ್ನೇ ಹಿಡಿಯುತ್ತೇನೆ, ಆದರೆ ಅದು ನನ್ನ ಒಲವು, ಸಿದ್ಧಾಂತದ ಆಜ್ಞೆಯಲ್ಲ ಎಂಬುದನ್ನು ಒಪ್ಪಲೇಬೇಕು.

ಈ ಹಂತದಲ್ಲಿ ಅವಸರ ಮಾಡಬೇಡಿ, ಏಕೆಂದರೆ ಇಡೀ ಸಿದ್ಧಾಂತದ ಕಠಿಣ ಜಾಗ ಇದೇ. ಮೊದಲ ಹಾಳೆಗೆ ಮರಳಿ, 0.85ರಲ್ಲಿ ಸಂವೇಗ 1 ಇದ್ದ ಕಣ ಮುಂದಿನ ಕ್ಷಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಆ ಸ್ಥಿತಿಯಲ್ಲಿ ಸ್ಥಾನದ ಹಂಚಿಕೆ ಕಾಲದೊಂದಿಗೆ ಬದಲಾಗುವುದಿಲ್ಲ. ಒಂದು ಸ್ಥಾನದಲ್ಲಿರುವ ಎಲ್ಲ ಕಣಗಳಿಗೂ ಒಂದೇ ವೇಗ. ತುದಿಗಳಲ್ಲಿ ಹರಿವು ಇಲ್ಲ. ಈ ಮೂರೂ ಸೇರಿದರೆ ಎಲ್ಲೆಡೆಯೂ ಹರಿವು ಸೊನ್ನೆ, ಅಂದರೆ ಕಣ ನಿಂತೇ ಇದೆ. “ಸರ್, ಸಂವೇಗ ಇದೆ, ಆದರೆ ಚಲನೆ ಇಲ್ಲ ಅಂದರೆ ಏನರ್ಥ?” ಎಂದು ವಿದ್ಯಾರ್ಥಿನಿ ಕೇಳಿದಾಗ ನಾನು ಚಹಾ ಮುಗಿಸುವ ನೆಪದಲ್ಲಿ ಸ್ವಲ್ಪ ಸಮಯ ತೆಗೆದುಕೊಳ್ಳಬೇಕಾಯಿತು. ಉತ್ತರ ಕಾಂತಕ್ಷೇತ್ರದ ಪಾಠದಲ್ಲಿದೆ. ವಿದ್ಯುದಾವೇಶವಿರುವ ಕಣ ಕಾಂತಕ್ಷೇತ್ರದಲ್ಲಿ ಇದ್ದಾಗ ಹ್ಯಾಮಿಲ್ಟನ್ ಸಮೀಕರಣದ ಸಂವೇಗವೂ ದ್ರವ್ಯರಾಶಿ–ವೇಗಗಳ ಗುಣಲಬ್ಧವೂ ಒಂದೇ ಆಗಿರುವುದಿಲ್ಲ, ನಡುವೆ ಸದಿಶ ವಿಭವವೊಂದು ಬಂದು ಸೇರುತ್ತದೆ. ರಾಯ್ ಮತ್ತು ಸಿಂಗ್ ಅವರ ಕಾರ್ಯಕಾರಣ ಹ್ಯಾಮಿಲ್ಟೋನಿಯನ್‌ನಲ್ಲಿಯೂ ತರಂಗ ಫಲನವನ್ನು ಅವಲಂಬಿಸಿದ ಅಂಥದೇ ಪದವಿದೆ. ಒಂದೇ ಆಯಾಮದಲ್ಲಿ ಚಲಿಸುವ ಕಣದ ಪಥ ಬೋಮ್ ಅವರದ್ದೇ. ಬದಲಾಗುವುದು ಅದಕ್ಕೆ ಅಂಟಿಸಿದ ಸಂವೇಗ ಮಾತ್ರ. ಐನ್‌ಸ್ಟೈನ್ ಇದನ್ನು ಒಪ್ಪುತ್ತಿದ್ದರೇ? ನನಗೆ ಅನುಮಾನ. ನಿಂತ ಕಣದ ಅಸಮಾಧಾನ ಹಾಗೇ ಉಳಿದಿದೆ. ಸಂವೇಗದ ಲೆಕ್ಕಪುಸ್ತಕ ಮಾತ್ರ ಸರಿಹೋಗಿದೆ.

ಒಂದಕ್ಕಿಂತ ಹೆಚ್ಚು ಆಯಾಮಗಳಿಗೆ ಹೋಗುವಾಗ ಮೂರನೆಯ ಹಾಳೆ ಬೇಕು, ಮತ್ತು ಇಲ್ಲಿ ಸಮೀಕರಣಕ್ಕಿಂತ ಚಿತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ಕಣಗಳು ಒಂದೊಂದು ಗೆರೆಯ ಮೇಲೆ ಇವೆ ಎನ್ನಿ. ಒಟ್ಟಿಗೆ ಅಳೆಯಬಹುದಾದ ಜೋಡಿಗಳು ನಾಲ್ಕು: ಎರಡರ ಸ್ಥಾನ; ಮೊದಲನೆಯದರ ಸ್ಥಾನ ಮತ್ತು ಎರಡನೆಯದರ ಸಂವೇಗ; ಮೊದಲನೆಯದರ ಸಂವೇಗ ಮತ್ತು ಎರಡನೆಯದರ ಸ್ಥಾನ; ಎರಡರ ಸಂವೇಗ. ಒಂದು ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ರಾಶಿಗಳನ್ನು ಬರೆದು, ಜೋಡಿಗಳನ್ನು ಬದಿಗಳಾಗಿ ಎಳೆಯಿರಿ. ಮೂರು ಬದಿಗಳಷ್ಟೇ ಇದ್ದರೆ ನಾಲ್ಕು ಹೂವುಗಳನ್ನು ಮೂರು ಗಂಟು ಹಾಕಿ ಕಟ್ಟಿದ ದಂಡೆಯಂತೆ ಹಂಚಿಕೆ ಸಲೀಸಾಗಿ ಸಿಗುತ್ತದೆ: ಸ್ಥಾನಗಳ ಜೋಡಿಯಿಂದ ಆರಂಭಿಸಿ, ಮೊದಲ ಕಣದ ಸ್ಥಾನ ಗೊತ್ತಿದ್ದಾಗ ಎರಡನೆಯದರ ಸಂವೇಗ ಹೇಗೆ ಹಂಚಿರುತ್ತದೆ ಎಂಬುದನ್ನು ಒಂದು ತುದಿಗೆ ಗುಣಿಸಿ, ಇನ್ನೊಂದು ತುದಿಗೂ ಹಾಗೆಯೇ ಮಾಡಿದರೆ ಮೂರೂ ಜೋಡಿಗಳ ಲೆಕ್ಕ ತಾಳೆಯಾಗುತ್ತದೆ. ನಾಲ್ಕನೆಯ ಬದಿ ದಂಡೆಯ ಎರಡು ತುದಿಗಳನ್ನು ಸೇರಿಸಲು ಕೇಳುತ್ತದೆ. ತುದಿಗಳು ಎಲ್ಲ ಸ್ಥಿತಿಗಳಲ್ಲೂ ಸೇರುವುದಿಲ್ಲ.

ಸೇರದಿರುವುದನ್ನು ಕಾಣಲು ನಾಲ್ಕು ರಾಶಿಗಳ ಚಿಹ್ನೆಗಳನ್ನಷ್ಟೇ ಇಟ್ಟುಕೊಂಡು, ಪ್ಲಸ್ ಒಂದು ಅಥವಾ ಮೈನಸ್ ಒಂದು ಎಂದು ಹದಿನಾರು ಸಾಲುಗಳ ಕೋಷ್ಟಕ ಬರೆಯಿರಿ. ಪ್ರತಿ ಸಾಲಿನಲ್ಲೂ ಮೊದಲ ಮೂರು ಜೋಡಿಗಳ ಗುಣಲಬ್ಧಗಳನ್ನು ಕೂಡಿಸಿ, ನಾಲ್ಕನೆಯದನ್ನು ಕಳೆಯಿರಿ. ಹದಿನಾರು ಸಾಲುಗಳಲ್ಲೂ ಉತ್ತರ 2 ಅಥವಾ ಮೈನಸ್ 2. ಬೇರೆ ಬಂದರೆ ಕೂಡಿಕೆ ತಪ್ಪಿದೆ. ನಾಲ್ಕೂ ರಾಶಿಗಳಿಗೆ ಒಟ್ಟಾಗಿ ಒಂದು ಹಂಚಿಕೆ ಇರುವುದಾದರೆ ಸರಾಸರಿ 2ನ್ನು ದಾಟುವಂತಿಲ್ಲ. ಜಾನ್ ಬೆಲ್ 1964ರಲ್ಲಿ ತೆರೆದ ಬಾಗಿಲು ಇದೇ. ಔಬೆರ್ಸಾನ್ ಮತ್ತು ಮಾಹೂ ಎಂಬ ಸಹಲೇಖಕರ ಜೊತೆ ರಾಯ್ ಮತ್ತು ಸಿಂಗ್ 2003ರಲ್ಲಿ ಪ್ರಕಟಿಸಿದ ಪ್ರಬಂಧ ಸ್ಥಾನ–ಸಂವೇಗಗಳಲ್ಲಿಯೇ ಈ ಮಿತಿಯನ್ನು ಮುರಿಯುವ ಕ್ವಾಂಟಮ್ ಸ್ಥಿತಿಗಳಿವೆ ಎಂಬುದನ್ನೂ, ಮೂರು ಜೋಡಿಗಳಿಗೆ ಸದಾ ಪರಿಹಾರವಿದೆ ಎಂಬುದನ್ನೂ ಚರ್ಚಿಸುತ್ತದೆ. ಅದಕ್ಕೂ ಮೊದಲಿನ 1999ರ ಪ್ರಬಂಧದಲ್ಲಿ ರಾಯ್ ಮತ್ತು ಸಿಂಗ್ ಸ್ವಾತಂತ್ರ್ಯದ ಮಾನಗಳ (ಡಿಗ್ರೀಸ್ ಆಫ್ ಫ್ರೀಡಮ್) ಸಂಖ್ಯೆಗಿಂತ ಒಂದು ಹೆಚ್ಚು ಗುಂಪುಗಳಿಗೆ, ಅಂದರೆ ಮೇಲಿನ ಜೋಡಿಗಳಂತೆ ಒಟ್ಟಿಗೆ ಅಳೆಯಬಹುದಾದ ರಾಶಿಗಳ ಗುಂಪುಗಳಿಗೆ, ಸರಿಯಾದ ಲೆಕ್ಕ ಕೊಡುವ ಸಿದ್ಧಾಂತವನ್ನು ಕಟ್ಟಿದ್ದರು: ಒಂದು ಆಯಾಮಕ್ಕೆ ಎರಡು, ಎರಡಕ್ಕೆ ಮೂರು, ನಮ್ಮ ಮೂರು ಆಯಾಮದ ಜಗತ್ತಿನ ಒಂದು ಕಣಕ್ಕೆ ನಾಲ್ಕು.

ಮೂಲ ಪ್ರಬಂಧಗಳನ್ನು ಓದುವ ಕ್ರಮದ ಬಗ್ಗೆ ನನ್ನ ಸಲಹೆ ಕಾಲಾನುಕ್ರಮಕ್ಕಿಂತ ಬೇರೆ. 1995ರದ್ದು ಚಿಕ್ಕದು, ಅದನ್ನು ಮೊದಲು ಓದಿ. ಡೆಲ್ಟಾ ಫಲನ ಬಂದಲ್ಲಿ ನಿಮ್ಮ ಮೊದಲ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ 2003ರದ್ದಕ್ಕೆ ಹೋಗಿ, ರುಜುವಾತಿನ ಉದ್ದುದ್ದ ಪುಟಗಳನ್ನು ಮೊದಲ ಓದಿನಲ್ಲಿ ಧೈರ್ಯವಾಗಿ ದಾಟಿ. 1999ರದ್ದು ಕೊನೆಗಿರಲಿ, ಏಕೆಂದರೆ ಎಷ್ಟು ಸಾಧ್ಯ ಎಂಬುದು ಅರ್ಥವಾಗಬೇಕಾದರೆ ಎಲ್ಲಿಂದ ಮುಂದೆ ಅಸಾಧ್ಯ ಎಂಬುದು ಮೊದಲು ತಿಳಿದಿರಬೇಕು. ಓದುತ್ತ ಹೋಗುವಾಗ ಪ್ರತಿ ಹೊಸ ಹಂಚಿಕೆಯ ಪಕ್ಕದಲ್ಲೂ ಪೆನ್ಸಿಲಿನಿಂದ ಎರಡು ಅಂಕಿ ಬರೆಯುತ್ತ ಬನ್ನಿ: ಇದರಲ್ಲಿ ಎಷ್ಟು ಗುಂಪುಗಳ ಲೆಕ್ಕ ಸರಿಯಾಗಿದೆ, ಎಷ್ಟನ್ನು ಬಿಟ್ಟುಕೊಡಲಾಗಿದೆ. ಬೋಮ್ ಅವರ ಮೂಲ ಸಿದ್ಧಾಂತದ ಪಕ್ಕದಲ್ಲಿ ಮೊದಲ ಅಂಕಿ 1 ಎಂದು ಬರುತ್ತದೆ.